ನಲ್ಲಿ ಮುಟ್ಟಿದ ಕೈ

ನಾನು ಕಂಡವರಲ್ಲಿ ಮಾಮನಷ್ಟು ಪುಕ್ಕಲು ಮನುಷ್ಯ ಇನ್ನೊಬ್ಬರಿಲ್ಲ. ತೀರಿಹೋದವರ ಬಗ್ಗೆ ಹೀಗೆ ಶುರುಮಾಡುವುದು ಸರಿಯಲ್ಲ ಎಂದು ಗೊತ್ತು. ಆದರೆ ಇದನ್ನು ಅವರ ಎದುರಿಗೇ ಓದಿದ್ದರೆ ತಲೆಯಾಡಿಸಿ, "ಅದು ಕರೆಕ್ಟ್ ಉಂಟು, ಮುಂದೆ ಬರೀರಿ" ಎನ್ನುತ್ತಿದ್ದರು.

ಅವರ ಮನೆ ಮುಂಬಯಿಯಾಚೆಯ ಡೊಂಬಿವಲಿ ಪೂರ್ವದಲ್ಲಿ, ನಮ್ಮದು ಠಾಕುರ್ಲಿಯಲ್ಲಿ. ಲೋಕಲ್ ಹಿಡಿದರೆ ಮುಂದಿನ ಸ್ಟೇಷನ್ನೇ. ಆ ಒಂದು ಸ್ಟೇಷನ್ನಿಗೆ ಅವರು ಎಂದೂ ರೈಲು ಹತ್ತಿದವರಲ್ಲ. ಜನರ ನೂಕಾಟದಲ್ಲಿ ಇಳಿಯಲಾಗದೆ ಅದರಾಚೆಯ ಕಲ್ಯಾಣ ಸ್ಟೇಷನ್ನಿಗೆ ಹೋಗಿಬಿಟ್ಟರೆ ಎಂಬ ಹೆದರಿಕೆ. ಹೋದರೇನಾಯಿತು ಮಾಮ, ವಾಪಸ್ ಬರುವ ಗಾಡಿ ಹಿಡಿದರಾಯಿತಲ್ಲ ಎಂದರೆ, "ಅದರಲ್ಲಿಯೂ ಇಳೀಲಿಕ್ಕೆ ಆಗದಿದ್ರೆ?" ಎಂದು ಕೇಳುತ್ತಿದ್ದರು. ಹೆಗಲಿಗೆ ಕ್ಯಾನ್ವಾಸ್ ಚೀಲ ಹಾಕಿಕೊಂಡು, ಮಾರ್ಚ್ ತಿಂಗಳಲ್ಲೂ ಕೈಯಲ್ಲೊಂದು ಕೊಡೆ ಹಿಡಿದು, ಹಳಿಯ ಪಕ್ಕದ ರಸ್ತೆಯಲ್ಲಿ ನಡೆದೇ ಬರುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ "ಗ್ಯಾಸ್ ಬಂದ್ ಉಂಟಾ?" ಎಂಬ ವಿಚಾರಣೆ. ಫ್ಯಾನಿನ ನೇರ ಕೆಳಗೆ ಕೂರುತ್ತಿರಲಿಲ್ಲ. ಲಿಫ್ಟಿನಲ್ಲಿ ಒಬ್ಬರೇ ಹತ್ತುತ್ತಿರಲಿಲ್ಲ. ನಾಲ್ಕು ಜನರಿದ್ದರೆ ಭಾರ ಹೆಚ್ಚಾಯಿತೆಂದು ಆಗಲೂ ಹತ್ತುತ್ತಿರಲಿಲ್ಲ.

ಇಷ್ಟೆಲ್ಲ ಹೆದರುವ ಮನುಷ್ಯ ಮಾಡುತ್ತಿದ್ದದ್ದು ಲ್ಯಾಪ್‌ಟಾಪ್ ರಿಪೇರಿ.

ಮೂಲ ಉಡುಪಿಯ ಕಡೆಯವರು. ಥಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಅದು ಬಾಗಿಲು ಹಾಕಿದ ಮೇಲೆ ಮೊದಲು ಟಿವಿ, ಆಮೇಲೆ ಕಂಪ್ಯೂಟರು, ಕೊನೆಗೆ ಲ್ಯಾಪ್‌ಟಾಪು ಎಂದು ತಾವೇ ಕಲಿತುಕೊಂಡರು. ಅಂಗಡಿ ಇಡಲಿಲ್ಲ. ಅಂಗಡಿ ಎಂದರೆ ಶಟರು, ಶಟರು ಎಂದರೆ ತಲೆಯ ಮೇಲೆ ಬೀಳುವ ವಸ್ತು. ಆದ್ದರಿಂದ ಜನರ ಮನೆಗೇ ಹೋಗುತ್ತಿದ್ದರು. ನಮ್ಮ ಕನ್ನಡದವರು ಅವರನ್ನು ಮಾಮ ಎನ್ನುತ್ತಿದ್ದರು. ಥಾಣೆಯ ನೌಪಾಡಾದಿಂದ ನವಿ ಮುಂಬಯಿಯ ಸೀವುಡ್ಸ್‌ವರೆಗೆ ಅವರನ್ನು ಕರೆಸುವವರಿದ್ದರು. ಅಷ್ಟು ದೂರಕ್ಕೆ ರೈಲು ಬಿಟ್ಟರೆ ಗತಿಯಿಲ್ಲದ್ದರಿಂದ, ಮೊದಲ ಎರಡು ಗಾಡಿ ಬಿಟ್ಟು, ಮೂರನೆಯದಕ್ಕೆ ದೇವರ ಹೆಸರು ಹೇಳಿ ಹತ್ತುತ್ತಿದ್ದರಂತೆ.

ಕೆಲಸಕ್ಕೆ ಕೂತರೆ ಅವರದ್ದು ಮೂರು ಕಟ್ಟಳೆ. ಮೊದಲನೆಯದು, ಮೆಷಿನ್ನಿನ ಮಾಲಕರು ಕಡೆತನಕ ಎದುರು ಕೂರಬೇಕು. ಅಡುಗೆ ಉಕ್ಕಲಿ, ಫೋನ್ ಬರಲಿ, ಏಳುವಂತಿಲ್ಲ. ಆಪರೇಷನ್ ಥಿಯೇಟರಿನೊಳಗೇ ನೆಂಟರನ್ನು ಕೂರಿಸಿಕೊಳ್ಳುವ ಡಾಕ್ಟರು ಇವರು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಎರಡನೆಯದು, ಒಳಗಿನ ಯಾವ ಭಾಗವನ್ನೇ ಮುಟ್ಟುವ ಮೊದಲು ಎದ್ದು ಹೋಗಿ ಅಡುಗೆಮನೆಯ ನಲ್ಲಿಯನ್ನು ಮುಟ್ಟಿ ಬರುವುದು. ಪ್ರತಿ ಭಾಗಕ್ಕೂ ಒಂದು ಸಲ. ನಮ್ಮ ಮೈಯಲ್ಲಿ ಸೇರಿಕೊಂಡಿರುವ ಚೂರು ವಿದ್ಯುತ್ತು ನಮಗೆ ಗೊತ್ತಾಗುವುದೇ ಇಲ್ಲ, ಆದರೆ ಸೂಕ್ಷ್ಮವಾದ ಚಿಪ್‌ಗಳಿಗೆ ಅಷ್ಟೇ ಸಾಕು, ಸದ್ದಿಲ್ಲದೆ ಸತ್ತುಹೋಗುತ್ತವೆ. ನಮ್ಮದು ಹಳೆಯ ಬಿಲ್ಡಿಂಗು, ಕಬ್ಬಿಣದ ಪೈಪು. ನಲ್ಲಿ ಮುಟ್ಟಿದರೆ ಮೈಯದ್ದು ಭೂಮಿಗೆ ಇಳಿಯುತ್ತದೆ. "ನಳ್ಳಿ ಮುಟ್ಟದ ಕೈಯೂ ಒಂದೇ, ಬೆಂಕಿಕಡ್ಡಿಯೂ ಒಂದೇ" ಎನ್ನುತ್ತಿದ್ದರು.

ಮೂರನೆಯದು, ಏನನ್ನೇ ಆಗಲಿ ಎರಡು ಸಲ ಕೇಳುವುದು. ಪ್ಲಗ್ ತೆಗ್ದಿದ್ದೀರಾ? ತೆಗ್ದಿದ್ದೀರಾ? ನನಗೆ ರೇಗುತ್ತಿತ್ತು. ಒಮ್ಮೆ, "ಮಾಮ, ನಿಮಗೆ ಕಿವಿ ಕೇಳಲ್ವಾ?" ಎಂದುಬಿಟ್ಟೆ. ಆಗ ಸ್ಕ್ರೂಡ್ರೈವರ್ ಕೆಳಗಿಟ್ಟು ಕಾರ್ಖಾನೆಯ ಕತೆ ಹೇಳಿದರು. ಅಲ್ಲಿ ದೊಡ್ಡ ಪ್ಯಾನೆಲ್ ಬಿಚ್ಚುವ ಮೊದಲು ಇವರ ಜೊತೆಗಾರ ಕೆಳಗಿನವನನ್ನು ಕೂಗಿ, ಕರೆಂಟ್ ಬಂದ್ ಮಾಡಿದ್ಯಾ ಎಂದು ಕೇಳಿದ. ಕೆಳಗಿನವನು ನೋಡದೆಯೇ, ಹೌದು, ಬಂದ್ ಎಂದ.

"ಒಂದೇ ಸಲ ಕೇಳಿದ. ಇನ್ನೊಂದು ಸಲ ಕೇಳಿದ್ದಿದ್ರೆ ಅವ ಹೋಗಿ ನೋಡ್ತಿದ್ನೋ ಏನೋ. ಜೊತೆಗಾರನ ಎರಡೂ ಕೈ ಹೋಯ್ತು, ಇಲ್ಲಿವರೆಗೆ" ಎಂದು ಮೊಣಕೈ ತೋರಿಸಿದರು. "ನಾನು ಪಕ್ಕದಲ್ಲೇ ಇದ್ದೆ ಮಾರಾಯ್ರೆ. ಕೇಳುದಕ್ಕೆ ನನಗೂ ಬಾಯಿ ಇತ್ತಲ್ಲ."

ಅವತ್ತಿನಿಂದ ಅವರು ಎರಡು ಸಲ ಕೇಳಿದರೆ ನಾನು ಎರಡು ಸಲ ಉತ್ತರ ಕೊಡುತ್ತಿದ್ದೆ.

ಈಗ ನನ್ನ ಲ್ಯಾಪ್‌ಟಾಪಿನ ಕತೆ. ಎರಡು ಸಾವಿರದ ಹದಿಮೂರೋ ಹದಿನಾಲ್ಕೋ ಇಸವಿ. ನನ್ನ ಕೆಲಸ ನವಿ ಮುಂಬಯಿಯ ಬಿಲ್ಡರುಗಳಿಗೆ, ಇನ್ನೂ ಕಟ್ಟದ ಫ್ಲ್ಯಾಟುಗಳ ಒಳಗೆ ಓಡಾಡಿದಂತೆ ತೋರಿಸುವ ವೀಡಿಯೋ ಮಾಡಿಕೊಡುವುದು. ಮನೆಯಲ್ಲಿ ಕೂತೇ ಮಾಡುತ್ತಿದ್ದೆ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ವೀಡಿಯೋ ಕೆಲಸಕ್ಕೆಂದು ಯಾರೋ ಆಡಿ ಬಿಟ್ಟಿದ್ದ ಒಂದು ಗೇಮಿಂಗ್ ಲ್ಯಾಪ್‌ಟಾಪ್ ತಂದಿದ್ದೆ. ಭಾರ ಎಂದರೆ ಭಾರ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಈಗಿನ ಲ್ಯಾಪ್‌ಟಾಪುಗಳಲ್ಲಿ ಬೋರ್ಡಿಗೇ ಬೆಸೆದುಕೊಂಡಿರುತ್ತದೆ. ಆ ಹಳೆಯದರಲ್ಲಿ ಮಾತ್ರ ಅದು ಬೇರೆಯಾಗಿ, ಬಿಚ್ಚಿ ಬದಲಿಸುವ ಹಾಗಿತ್ತು. ನಾಲ್ಕು ವರ್ಷ ದುಡಿದ ಮೇಲೆ ಪರದೆಯಲ್ಲಿ ಹಸಿರು ಗೆರೆಗಳು ಬೀಳತೊಡಗಿದವು. ನಾನು ತೋರಿಸುವ ಹಾಲ್, ಬೆಡ್‌ರೂಮುಗಳಿಗೆಲ್ಲ ಹಸಿರು ಜೈಲಿನ ಸರಳು.

ಮಾಮ ಬಂದು ನೋಡಿ, ಎರಡು ದಿನ ಅದರ ಬಗ್ಗೆ ಓದಿ, ಮೂರು ದಿನ ಯೋಚಿಸಿ, ಇಂಥದೇ ಕಾರ್ಡು ತರಿಸಿ ಎಂದು ಚೀಟಿ ಬರೆದುಕೊಟ್ಟರು. ಹಳೆಯದಕ್ಕಿಂತ ಶಕ್ತಿಯದ್ದು. ಬಿಸಿ ಹೀರುವ ತಾಮ್ರದ ಪಟ್ಟಿ ಅದಕ್ಕೆ ಸರಿಯಾಗಿ ಕೂರುತ್ತದೋ ಎಂದು ಕಾಗದ ಕತ್ತರಿಸಿ ಅಳತೆ ಮಾಡಿದರು. ಎಲ್ಲ ಆದ ಮೇಲೆ ಮುಖ ಬಾಡಿಸಿಕೊಂಡು ಕೂತರು.

"ನೋಡಿ, ಮೊದಲೇ ಹೇಳ್ತೇನೆ. ಸೀವುಡ್ಸಿನಲ್ಲಿ ಒಂದು ಮೆಷಿನ್ ನನ್ನ ಕೈಯಲ್ಲಿ ಸತ್ತಿದೆ. ಹೋದ ವರ್ಷ. ಈಗ ಕೈ ಸ್ವಲ್ಪ ನಡುಗ್ತದೆ ಸಹ. ಇನ್ನೊಂದು ಸತ್ತರೆ ಈ ಚೀಲ ಮಡಚಿ ಮೇಲಿಡ್ತೇನೆ. ಮತ್ತೆ ಯಾರದ್ದೂ ಮುಟ್ಟುದಿಲ್ಲ."

ಇದು ಬೆದರಿಕೆಯಲ್ಲ, ಬೇಡಿಕೆ ಎಂದು ನನಗೆ ಅರ್ಥವಾಯಿತು. ಆ ಕೆಲಸ ಬಿಟ್ಟರೆ ಅವರು ಮನೆಯಿಂದ ಹೊರಗೆ ಕಾಲಿಡುವ ಕಾರಣವೇ ಉಳಿಯುತ್ತಿರಲಿಲ್ಲ. ಹೆದರಿಕೆಯ ನಡುವೆ ಅವರಿಗಿದ್ದ ಒಂದೇ ಧೈರ್ಯ ಅದು. ಹೋಗುವಾಗ ಬಾಗಿಲಲ್ಲಿ ನಿಂತು, "ಕಾರ್ಡ್ ಬಂದ್ರೆ ಅದರ ಬೆಳ್ಳಿ ಬಣ್ಣದ ಚೀಲ ಓಪನ್ ಮಾಡ್ಬೇಡಿ. ನಾನೇ ಬಂದು ತೆಗೀತೇನೆ. ಓಪನ್ ಮಾಡ್ಬೇಡಿ" ಎಂದರು. ಎರಡು ಸಲ.

ಕಾರ್ಡು ಬಂದದ್ದು ಆಯುಧಪೂಜೆಯ ಹಿಂದಿನ ದಿನ.

ನಮ್ಮವ್ವ ಗದಗಿನ ಕಡೆಯವಳು. ಠಾಕುರ್ಲಿಗೆ ಬಂದು ಮೂವತ್ತು ವರ್ಷವಾದರೂ ಖಂಡೇಪೂಜೆ ತಪ್ಪಿಸಿದವಳಲ್ಲ. ಮಾರನೆಯ ದಿನ ಮಿಕ್ಸರು, ಇಳಿಗೆಮಣೆ, ಹೊಲಿಗೆಯ ಮೆಷಿನ್ನು, ನನ್ನ ಲ್ಯಾಪ್‌ಟಾಪು ಎಲ್ಲವೂ ಸಾಲಾಗಿ ಕೂತಿದ್ದವು. ಮೂಲೆಯಲ್ಲಿದ್ದ ಹೊಸ ಡಬ್ಬಿಯನ್ನು ಅವಳು ಬಿಡುವುದುಂಟೇ?

"ಅದೂ ಆಯುಧನs ಅಲ್ಲೇನ? ಹೊಸಾದು. ಪೂಜಿ ಇಲ್ದs ಕೆಲಸಕ್ಕ ಹಚ್ಚತಾರೇನು? ಒಂದೀಟು ಕುಂಕುಮ ಹಚ್ಚು."

"ಅವ್ವಾ, ರಹೂ ದೇ, ಇರ್ಲಿ ಬಿಡು. ಮಾಮ ಚೀಲ ತೆಗೀಬ್ಯಾಡ ಅಂದಾರ."

"ಅವರಿಗೇನ ತಿಳೀತೈತಿ. ನಾ ಹಚ್ಚಾಂಗಿಲ್ಲ, ಇಲ್ಲಾಂದ್ರ ನಾನs ಹಚ್ತಿದ್ದೆ. ನೀ ಹಚ್ಚು."

ಅಪ್ಪ ಹೋದಮೇಲೆ ಅವ್ವ ಯಾವುದಕ್ಕೂ ತಾನು ಕುಂಕುಮ ಹಚ್ಚುತ್ತಿರಲಿಲ್ಲ. ಆ ಮಾತು ಬಂದರೆ ನಾನು ಸೋತೆ. ಆದರೆ ಪೂರ್ತಿ ಅವ್ವನ ತಲೆಗೇ ಕಟ್ಟಲಾರೆ. ಆ ಮೆಷಿನ್ ಏಳದಿದ್ದರೆ ನನ್ನ ಕೆಲಸ ಹೋಗುತ್ತದೆ, ಮಾಮನ ಕೆಲಸವೂ ಹೋಗುತ್ತದೆ ಎಂಬ ಹೆದರಿಕೆಯಲ್ಲಿ, ಒಂದು ಬೊಟ್ಟಿಟ್ಟರೆ ಒಳ್ಳೆಯದೇ ಎಂದು ನನಗೂ ಅನ್ನಿಸಿತು. ಚೀಲದ ಸ್ಟಿಕರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಹಸಿರು ಹಲಗೆಯ ಅಂಚಿಗೆ ಚಿನ್ನದ ಬಣ್ಣದ ಹಲ್ಲುಗಳ ಸಾಲು. ಅದಕ್ಕಿಂತ ಶುಭವಾದ ಜಾಗ ಕಾಣಲಿಲ್ಲ. ನೀರಲ್ಲಿ ಕಲಸಿದ ಕುಂಕುಮವನ್ನು ಅಲ್ಲೇ ಹಚ್ಚಿ, ಕೈಮುಗಿದು, ಓಢಣಿಯ ತುದಿಯಿಂದ ಒರೆಸಿ, ಚೀಲಕ್ಕೆ ಹಾಕಿ, ಸ್ಟಿಕರು ಮತ್ತೆ ಅಂಟಿಸಿದೆ. ಆ ಹಲ್ಲುಗಳ ಮೂಲಕವೇ ಕಾರ್ಡು ಲ್ಯಾಪ್‌ಟಾಪಿನ ಜೊತೆ ಮಾತಾಡುವುದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಚ್ಚಿದೆ.

ದಸರೆಯ ಮಾರನೆಯ ಬೆಳಿಗ್ಗೆ ಮಾಮ ಬಂದರು. ಗ್ಯಾಸು ಬಂದ್, ಫ್ಯಾನು ಬಂದ್. ಬ್ಯಾಟರಿ ತೆಗೆದರು. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಥರ್ಮೋಕೋಲಿನ ಮೇಲೆ ಚುಚ್ಚಿದರು. ನಲ್ಲಿ ಮುಟ್ಟಿ ಬಂದರು, ತಾಮ್ರದ ಪಟ್ಟಿ ತೆಗೆದರು. ನಲ್ಲಿ ಮುಟ್ಟಿ ಬಂದರು, ಹಳೆಯ ಕಾರ್ಡು ತೆಗೆದರು. ಮತ್ತೆ ಎದ್ದು ಹೋಗಿ ನಲ್ಲಿ ಮುಟ್ಟಿ ಬಂದರು, ಬೆಳ್ಳಿ ಚೀಲದಿಂದ ಹೊಸ ಕಾರ್ಡು ತೆಗೆದರು. ಬೆರಳು ಒಂದಿಷ್ಟು ನಡುಗಿತು. ಹಲ್ಲುಗಳ ಕಡೆ ನೋಡಲೇ ಇಲ್ಲ, ಹೊಸದಲ್ಲವೇ. ಓರೆಯಾಗಿ ಒಳಗಿಟ್ಟು ಒತ್ತಿದರು. ಕಾರ್ಡು ಕಟ್ ಎಂದು ಕೂತಿತು.

ಗುಂಡಿ ಒತ್ತಿದಾಗ ಒಳಗಿನ ಫ್ಯಾನು ತಿರುಗಿತು. ಪರದೆ ಕಪ್ಪು. ಕುಂಯ್, ಕುಂಯ್, ಕುಂಯ್ ಎಂದು ಎಂಟು ಸಲ ಕೂಗಿ ಸುಮ್ಮನಾಯಿತು.

"ಕಾರ್ಡ್ ಕಾಣ್ತಿಲ್ಲ ಅಂತ ಹೇಳ್ತಾ ಉಂಟು" ಎಂದರು. ತೆಗೆದು ಮತ್ತೆ ಕೂರಿಸಿದರು. ಎಂಟು ಕೂಗು. ಹೊರಗಿನ ಮಾನಿಟರು ಹಚ್ಚಿದರು, ಮೆಮೊರಿ ಒಂದನ್ನು ತೆಗೆದರು, ಗಡಿಯಾರದ ಪುಟ್ಟ ಸೆಲ್ಲು ಕಿತ್ತು ಕಾಲು ಗಂಟೆ ಕಾದರು. ಎಂಟು ಕೂಗು. ಕೊನೆಗೆ ಹಳೆಯ ಕಾರ್ಡನ್ನೇ ಹಾಕಿದಾಗ ಲ್ಯಾಪ್‌ಟಾಪು ಹಸಿರು ಗೆರೆಗಳ ಸಮೇತ ಎದ್ದಿತು. ಅಂದರೆ ಮೆಷಿನ್ನಿನದ್ದು ತಪ್ಪಿಲ್ಲ, ಹೊಸ ಕಾರ್ಡೇ ಸತ್ತಿದೆ.

ಮಾಮ ನನ್ನನ್ನು ನೋಡಿ ಕೇಳಿದರು, "ಚೀಲ ಓಪನ್ ಮಾಡಿದ್ರಾ?"

"ಇಲ್ಲ ಮಾಮ."

"ಓಪನ್ ಮಾಡಿದ್ರಾ?"

"ಇಲ್ಲ."

ಒಳಗಿನಿಂದ ಅವ್ವ ಬಂದು ಬಾಗಿಲ ಹತ್ತಿರ ನಿಂತಳು. ಅವಳ ಬಾಯಿ ತೆರೆಯುವ ಮೊದಲೇ ಕಣ್ಣಲ್ಲಿ ತಡೆದೆ. ಬೈಯುತ್ತಾರೆಂಬ ಹೆದರಿಕೆ ಇರಲಿಲ್ಲ. ಅವರಿಗೆ ಬೈಯಲು ಬರುತ್ತಿರಲಿಲ್ಲ. ಓದಿದ ಹುಡುಗಿ, ಚಿನ್ನದ ಹಲ್ಲಿಗೆ ಕುಂಕುಮ ಹಚ್ಚಿದವಳು ಎಂದು ಅವರ ಕಣ್ಣಲ್ಲಿ ಸಣ್ಣವಳಾಗುವ ಹೆದರಿಕೆ. ಇಷ್ಟೇ. ಇಷ್ಟಕ್ಕಾಗಿ ನಾನು ಸುಳ್ಳು ಹೇಳಿದೆ.

ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಹಾಗಾದ್ರೆ ನನ್ನ ಕೈಯದ್ದೇ. ನಾನು ನಳ್ಳಿ ಮುಟ್ಟಿದೆನಾ? ಹೊಸ ಕಾರ್ಡ್ ತೆಗೆಯುವಾಗ?"

ನಾನು ಎದುರಿಗೇ ಕೂತಿದ್ದೆ. ನೋಡಿದ್ದೆ. ಮುಟ್ಟಿದ್ದರು. ಆದರೆ ಮುಟ್ಟಿದ್ದೀರಿ ಎಂದರೆ ತಪ್ಪು ಅವರ ಕೈಯಿಂದ ಜಾರಿ ಆ ಚೀಲದ ಮೇಲೆ ಬರುತ್ತಿತ್ತು.

"ನಾನು ನೋಡ್ಲಿಲ್ಲ ಮಾಮ" ಎಂದೆ.

"ಮುಟ್ಟಿದೆನಾ?"

"ಗೊತ್ತಿಲ್ಲ."

ಅವರು ತಮ್ಮ ಕ್ಯಾನ್ವಾಸ್ ಚೀಲಕ್ಕೆ ಸಾಮಾನು ತುಂಬಿಕೊಂಡರು. ಕೊಡೆ ಮರೆತು ಹೋದರು. ನಾನು ಹಿಂದಿನಿಂದ ಓಡಿ ಕೊಟ್ಟು ಬಂದೆ. ಮನೆಯ ಗ್ಯಾಲರಿಯಿಂದ ಕೆಳಗೆ ನೋಡಿದರೆ, ರಸ್ತೆಯ ಅಂಚಿಗೆ ಅಂಟಿಕೊಂಡು, ನಡುನಡುವೆ ನಿಂತು ಕೈ ನೋಡಿಕೊಳ್ಳುತ್ತ ಹೋಗುತ್ತಿದ್ದರು. ಅವ್ವ ನನಗೆ ಹೇಳಿದಳು, "ಹೇಳಿಬಿಡs ತಂಗಿ, ಫೋನ್ ಮಾಡಿ ಹೇಳು. ನಮ್ಮವ್ವ ಹಚ್ಚ ಅಂದ್ಲು ಅನ್ನು." ನಾನು ಅವಳ ಮೇಲೆಯೇ ಹರಿಹಾಯ್ದೆ.

ಮಾರನೆಯ ದಿನ ಅವರು ಬಿಟ್ಟುಹೋಗಿದ್ದ ರಬ್ಬರು ಟೀಪಾಯಿಯ ಕೆಳಗೆ ಸಿಕ್ಕಿತು. ಹಳೆಯ ಕಾರ್ಡುಗಳ ಹಲ್ಲು ಮಂಕಾದರೆ, ಮಕ್ಕಳು ಪೆನ್ಸಿಲ್ ಅಳಿಸುವ ಆ ರಬ್ಬರಿನಲ್ಲಿ ಮೆತ್ತಗೆ ಉಜ್ಜುವುದು ಅವರ ಪದ್ಧತಿ. ನಾನು ಎದ್ದು ನಲ್ಲಿ ಮುಟ್ಟಿ ಬಂದೆ. ಹೊಸ ಕಾರ್ಡಿನ ಹಲ್ಲುಗಳನ್ನು ಒಂದು ಕಡೆಯಿಂದ ಉಜ್ಜಿದೆ. ಬಿಳಿಯ ರಬ್ಬರು ಗುಲಾಬಿಯಾಯಿತು. ಮತ್ತೆ ನಲ್ಲಿ ಮುಟ್ಟಿ, ಅವರು ಮಾಡಿದ್ದನ್ನೆಲ್ಲ ಅದೇ ಕ್ರಮದಲ್ಲಿ ಮಾಡಿ, ಗುಂಡಿ ಒತ್ತಿದೆ. ಕೂಗಲಿಲ್ಲ. ಪರದೆ ಬೆಳಗಿತು, ಒಂದು ಗೆರೆಯಿಲ್ಲ.

ತಕ್ಷಣ ಫೋನ್ ಮಾಡಿದೆ. ಆಗಲಾದರೂ ಹೇಳಬಹುದಿತ್ತು, ಹೇಳಬೇಕೆಂದೇ ಮಾಡಿದ್ದೆ. ಅವರ ದನಿ ಕೇಳಿದಾಗ ಬಾಯಿಂದ ಬಂದದ್ದು ಬೇರೆ. "ಮಾಮ, ಚಾಲೂ ಆಯ್ತು!"

"ಎಂತ ಮಾಡಿದ್ರಿ?"

"ಏನಿಲ್ಲ. ಇನ್ನೊಂದ್ಸಲ ಕೂರಿಸ್ದೆ, ಅಷ್ಟೆ."

"ನಾನು ಐದು ಸಲ ಕೂರಿಸಿದೆ" ಎಂದರು. ಆಮೇಲೆ, "ನಿಮ್ಮ ಕೈಗುಣ ಒಳ್ಳೇದುಂಟು" ಎಂದರು.

ಕಾರ್ಡು ಸಾಯಲಿಲ್ಲ, ಅವರ ತಲೆಯ ಮೇಲಿನ ಭಾರ ಇಳಿಯಿತು, ಇನ್ನು ಎಲ್ಲ ಸರಿ ಎಂದು ನಾನು ಅಂದುಕೊಂಡೆ. ನನ್ನ ದಡ್ಡತನಕ್ಕೆ ಏನು ಹೇಳಲಿ. ಅವರಿಗೆ ಅದರ ಅರ್ಥ ಬೇರೆಯಾಗಿತ್ತು. ಮೂವತ್ತು ವರ್ಷದ ಕೈಯಲ್ಲಿ ಏಳದ್ದು, ಸ್ಕ್ರೂಡ್ರೈವರ್ ಹಿಡಿಯಲು ಬಾರದವಳ ಕೈಯಲ್ಲಿ ಸುಮ್ಮನೆ ಎದ್ದಿತು. ಅಂದರೆ ಮೆಷಿನ್ನೂ ಅಲ್ಲ, ಕಾರ್ಡೂ ಅಲ್ಲ, ಕೆಟ್ಟದ್ದು ತಮ್ಮ ಕೈಯೇ ಎಂದು ಅವರು ತಿಳಿದರು. ಆ ವಾರವೇ ಚೀಲ ಮಡಚಿಟ್ಟರು.

ನನಗೆ ತಿಳಿದದ್ದು, ಅಪರಿಚಿತರು ಲ್ಯಾಪ್‌ಟಾಪು ಹಿಡಿದುಕೊಂಡು ನಮ್ಮ ಬಾಗಿಲು ಬಡಿಯತೊಡಗಿದಾಗ. "ಮಾಮ ಕಳಿಸಿದ್ರು. ನಿಮ್ಮ ಕೈ ಒಳ್ಳೇದಂತೆ." ಕುತ್ತಿಗೆಗೆ ಬಂತು ಎಂದರೆ ಇದೇ. ಇಲ್ಲವೆನ್ನಲು ಆಗಲಿಲ್ಲ. ಮೆಷಿನ್ನಿನ ಮಾಲಕರನ್ನು ಎದುರು ಕೂರಿಸಿಕೊಂಡು, ನಲ್ಲಿ ಮುಟ್ಟಿ, ಎರಡು ಸಲ ಕೇಳಿ ಕೆಲಸ ಕಲಿತೆ. ಮಾಮನಿಗೆ ಫೋನ್ ಮಾಡಿ ಅನುಮಾನ ಕೇಳಿದರೆ ಎಲ್ಲ ಬಿಡಿಸಿ ಹೇಳುತ್ತಿದ್ದರು. ಬನ್ನಿ ಎಂದರೆ ಮಾತ್ರ, "ಬೇಡ, ನನ್ನ ನೆರಳು ಬೀಳುದು ಬೇಡ" ಎನ್ನುತ್ತಿದ್ದರು.

ಒಮ್ಮೆ ಕನ್ನಡದವರ ಒಂದು ಮದುವೆಯಲ್ಲಿ, ನೌಪಾಡಾದ ಹಾಲ್‌ನಲ್ಲಿ ಸಿಕ್ಕಿದರು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತರು. ಫ್ಯಾನಿನಿಂದ ದೂರವಿರುವ ಜಾಗವನ್ನೇ ಹುಡುಕಿ ಕೂತಿದ್ದರು. ಕೈ ಆಗ ಚೆನ್ನಾಗಿಯೇ ನಡುಗುತ್ತಿತ್ತು. ಪಾಯಸ ಬಡಿಸುವಾಗ ನನ್ನ ಕಡೆ ವಾಲಿ ಕೇಳಿದರು, "ಆ ದಿವಸ ನಾನು ನಳ್ಳಿ ಮುಟ್ಟಿದೆನಾ? ನಿಮಗೆ ಈಗ ಏನಾದ್ರೂ ನೆನಪಾಗ್ತದಾ?"

"ಅದೆಲ್ಲ ಈಗ ಯಾಕೆ ಮಾಮ. ಊಟ ಮಾಡಿ" ಎಂದೆ. ಎರಡನೆಯ ಸಲ ಕೇಳುವ ಮೊದಲೇ ಕೈ ತೊಳೆಯಲು ಎದ್ದುಬಿಟ್ಟೆ.

ಅವರು ಹೋದದ್ದು ಹೋದ ಮಳೆಗಾಲದಲ್ಲಿ. ಹದಿಮೂರು ದಿನ ಕಳೆದ ಮೇಲೆ ಡೊಂಬಿವಲಿಗೆ ಹೋದೆ, ನಡೆದುಕೊಂಡೇ. ಅವರ ಹೆಂಡತಿ ಬಾಗಿಲು ತೆರೆದರು. ಗೋಡೆಯ ಮೇಲೆ ಹೊಸ ಫೋಟೋ. ಅದನ್ನೂ ಫ್ಯಾನಿನಿಂದ ದೂರವೇ ಹಾಕಿದ್ದರು. ಚಹಾ ಕೊಟ್ಟು, ಒಳಗಿನಿಂದ ಆ ಕ್ಯಾನ್ವಾಸ್ ಚೀಲ ತಂದು ನನ್ನ ತೊಡೆಯ ಮೇಲಿಟ್ಟರು.

"ಇದು ನಿಮಗೆ ಕೊಡ್ಲಿಕ್ಕೆ ಹೇಳಿದ್ರು. ನಿಮ್ಮ ಕೈಗುಣದ ಮೇಲೆ ಅವರಿಗೆ ಭಾರೀ ನಂಬಿಕೆ."

ಅವರೇ ಮುಂದುವರಿಸಿದರು. "ಹಾಸಿಗೆ ಹಿಡಿದ ಮೇಲೆ ಒಂದೇ ವರಾತ. ಠಾಕುರ್ಲಿಯ ಮನೆಯಲ್ಲಿ ನಾನು ನಳ್ಳಿ ಮುಟ್ಟಿದ್ದೆನಾ, ಇಲ್ವಾ. ನಾನು ಹೌದು, ಮುಟ್ಟಿದ್ರಿ ಅಂತ ಹೇಳ್ತಿದ್ದೆ, ಸಮಾಧಾನಕ್ಕೆ. 'ನೀನು ನೋಡಿದ್ಯಾ?' ಅಂತ ಕೇಳ್ತಿದ್ರು. ನಾನು ಎಲ್ಲಿಂದ ನೋಡುದು? ನಾನು ಅಲ್ಲಿ ಇದ್ದದ್ದೇ ಇಲ್ಲ."

ನಾನು ಹೊರಡಲು ಎದ್ದೆ. ಓಡಿಹೋಗಲು ಎದ್ದೆ ಎಂದೇ ಹೇಳಬೇಕು. ಅವರು ದೇವರ ಗೂಡಿನಿಂದ ಕುಂಕುಮದ ಬಟ್ಟಲು ತೆಗೆದು ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. "ನಾನು ಕೊಡುವ ಹಾಗಿಲ್ಲ. ನೀವೇ ತಗೊಳ್ಳಿ."

ಬೆರಳನ್ನು ಬಟ್ಟಲಿಗೆ ಅದ್ದಿದೆ. ಅದು ಹಣೆಯ ತನಕ ಬರಲಿಲ್ಲ. ಬೆರಳ ತುದಿಯ ಕೆಂಪು ನೋಡುತ್ತ ಹೇಳಿಬಿಟ್ಟೆ. ಚೀಲ ತೆಗೆದದ್ದು, ಹಚ್ಚಿದ್ದು, ರಬ್ಬರಿನಲ್ಲಿ ಉಜ್ಜಿದ್ದು, ಎರಡು ಸಲ ಕೇಳಿದಾಗ ಎರಡು ಸಲವೂ ಸುಳ್ಳು ಹೇಳಿದ್ದು. "ಮಾಮ ನಲ್ಲಿ ಮುಟ್ಟಿದ್ರು. ನಾನು ನೋಡಿದ್ದೆ."

ಅವರು ಸಿಟ್ಟಾಗಲಿಲ್ಲ, ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ಮುಟ್ಟಿದ್ರಾ?" ಎಂದು ಇನ್ನೊಮ್ಮೆ ಕೇಳಿದರು.

"ಮುಟ್ಟಿದ್ರು."

ಅವರು ಗೋಡೆಯ ಫೋಟೋದ ಕಡೆ ತಿರುಗಿ, ಕಿವಿ ಮಂದವಾದವರ ಜೊತೆ ಮಾತಾಡುವಷ್ಟು ಗಟ್ಟಿಯಾಗಿ, "ಕೇಳಿತಾ? ಮುಟ್ಟಿದ್ರಂತೆ. ಇವರು ನೋಡಿದ್ದಾರಂತೆ" ಎಂದರು.